ಪೆಟ್ಟಿಗೆಯಲ್ಲಿ ಸಿಕ್ಕ ಮೂರು ರೆಗ್ಯುಲೇಟರ್: ಯಾವುದು ಯಾವ ಸಿನಿಮಾದ್ದು?

ಪ್ರಶ್ನೆ: ನಾನು ಮೈಸೂರಿನವಳು. ಹಳೇ ಪೋಸ್ಟರ್, ಹಾಡಿನ ಪುಸ್ತಕ, ಕ್ಲ್ಯಾಪ್ ಬೋರ್ಡ್ ಹೀಗೆ ಸಿನಿಮಾ ಸಾಮಾನು ಕೂಡಿಡುವ ಹುಚ್ಚು ನನಗೆ. ಮಗಳು ಫ್ಲೋರಿಡಾದಲ್ಲಿದ್ದಾಳೆ. ಅಲ್ಲಿ ಒಂದು ಮನೆಯವರು ಹಳೇ ಸಾಮಾನೆಲ್ಲ ಮಾರುತ್ತಿದ್ದಾಗ ಮೂರು ಸ್ಕೂಬಾ ರೆಗ್ಯುಲೇಟರ್ (ನೀರೊಳಗೆ ಸಿಲಿಂಡರ್‌ನಿಂದ ಉಸಿರಾಡಲು ಬಳಸುವ ಯಂತ್ರ) ಇದ್ದ ಪೆಟ್ಟಿಗೆಯೊಂದನ್ನು ಕೊಂಡಿದ್ದಾಳೆ. ತಮ್ಮ ತಾತ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲಿ ಸಿನಿಮಾದವರ ಜೊತೆ ಡೈವರ್ ಆಗಿದ್ದರು ಅಂತ ಮಾರಿದವರು ಹೇಳಿದರಂತೆ. ಮೊದಲನೆಯದಕ್ಕೆ ಎರಡು ಹೋಸ್ ಇವೆ. ಲೇಬಲ್ ಮೇಲೆ ‘ಡಿಎ ಆಕ್ವಾ-ಮಾಸ್ಟರ್, ಯು.ಎಸ್. ಡೈವರ್ಸ್, ಲಾಸ್ ಏಂಜಲೀಸ್’ ಎಂದಿದೆ. ಇದು ‘ಕ್ರಿಯೇಚರ್ ಫ್ರಮ್ ದ ಬ್ಲ್ಯಾಕ್ ಲಗೂನ್’ನಲ್ಲಿ ಬಳಸಿದ್ದಂತೆ. ಎರಡನೆಯದಕ್ಕೂ ಎರಡು ಹೋಸ್. ಅದರ ಮೇಲೆ ‘ವೋಯಿಟ್ 50 ಫ್ಯಾಥಮ್’ ಎಂದಿದೆ, ಇದು ‘ಸೀ ಹಂಟ್’ ಟಿವಿ ಸರಣಿಯದಂತೆ. ಮೂರನೆಯದು ‘ಸ್ಕೂಬಾಪ್ರೊ ಮಾರ್ಕ್ 5’. ಬಾಯಿಗೆ ಹೋಗುವುದು ಒಂದೇ ಹೋಸ್. ಇದು ಜೇಮ್ಸ್ ಬಾಂಡ್‌ನ ‘ಥಂಡರ್‌ಬಾಲ್’ನದಂತೆ. ಇವನ್ನು ಗುರುತು ಹಿಡಿಯುವುದು ಹೇಗೆ? ಕ್ಲೀನ್ ಮಾಡಬಹುದಾ? ಮಗ ನೇತ್ರಾಣಿಯಲ್ಲಿ ಡೈವಿಂಗ್ ಕಲಿಯುತ್ತಿದ್ದಾನೆ, ಇದನ್ನೇ ಹಾಕಿಕೊಂಡು ಇಳಿಯುತ್ತೇನೆ ಅನ್ನುತ್ತಾನೆ.

ಉತ್ತರ: ಮಗನ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ಅವನ ಕೈಗೆ ಸಿಗದ ಹಾಗೆ ಇಡಿ.

ಇನ್ನು ಕತೆಗಳ ವಿಷಯ. ನೀವು ಬರೆದಿರುವ ಲೇಬಲ್‌ಗಳು ನಿಜವಾದರೆ ಮೂರರಲ್ಲಿ ಎರಡು ಕತೆ ನಿಲ್ಲುವುದಿಲ್ಲ. ಇದನ್ನು ಹೇಳಲು ನಾನು ಆ ರೆಗ್ಯುಲೇಟರ್‌ಗಳನ್ನು ಕೈಯಲ್ಲಿ ಹಿಡಿದು ನೋಡಬೇಕಾಗಿಲ್ಲ, ಕ್ಯಾಲೆಂಡರ್ ಸಾಕು. ‘ಕ್ರಿಯೇಚರ್’ ತೆರೆಗೆ ಬಂದಿದ್ದು 1954ರಲ್ಲಿ. ಡಿಎ ಆಕ್ವಾ-ಮಾಸ್ಟರ್ ಅನ್ನುವ ಮಾಡೆಲ್ ಅಂಗಡಿಗೆ ಬಂದಿದ್ದು 1958ರಲ್ಲಿ. ‘ಥಂಡರ್‌ಬಾಲ್’ 1965ರದು, ಸ್ಕೂಬಾಪ್ರೊ ಮಾರ್ಕ್ 5 ಬಂದಿದ್ದು 1970ರ ಹೊತ್ತಿಗೆ. ಮೊಮ್ಮಗ ಅಜ್ಜನ ಮದುವೆಯಲ್ಲಿ ಊಟ ಬಡಿಸಿದ ಅಂದ ಹಾಗಾಯಿತು. ಉಳಿದದ್ದು ವೋಯಿಟ್ ಒಂದೇ. ಅದರ ಕತೆಗೆ ಜೀವ ಇದೆ.

ಮಾರಿದವರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ತಾತ ಮೂರು ಸಿನಿಮಾದ ಹೆಸರು ಹೇಳಿರಬೇಕು. ಪೆಟ್ಟಿಗೆಯಲ್ಲಿ ಮೂರು ರೆಗ್ಯುಲೇಟರ್ ಇದ್ದವು. ಒಂದಕ್ಕೊಂದು ಜೋಡಿಸಿಬಿಟ್ಟಿದ್ದಾರೆ, ಅಷ್ಟೆ. ಮನೆಮನೆಯಲ್ಲೂ ನೆನಪು ಹೀಗೇ ಕೆಲಸ ಮಾಡುತ್ತದೆ, ಅಲ್ವಾ?

ತಾತನ ಕತೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಫ್ಲೋರಿಡಾ. ‘ಕ್ರಿಯೇಚರ್’ನ ನೀರೊಳಗಿನ ದೃಶ್ಯಗಳನ್ನು ತೆಗೆದಿದ್ದು ಅಲ್ಲಿನ ವಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ. ನೀರೊಳಗೆ ಆ ಮೀನುಮನುಷ್ಯನಾಗಿ ಈಜಿದವರು ರಿಕೂ ಬ್ರೌನಿಂಗ್, ಫ್ಲೋರಿಡಾದವರೇ. ಅವರು ಉಸಿರು ಕಟ್ಟಿಕೊಂಡು ಈಜುತ್ತಿದ್ದರು. ಶಾಟ್ ನಡುವೆ ಗಾಳಿಯ ಹೋಸ್‌ನಿಂದ ಉಸಿರು ತೆಗೆದುಕೊಳ್ಳುತ್ತಿದ್ದರು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡಿದ್ದು ಅವರನ್ನು ಹಿಡಿಯಲು ಬಂದ ವಿಜ್ಞಾನಿಗಳು. ಇದೇ ಬ್ರೌನಿಂಗ್ ಮುಂದೆ ‘ಸೀ ಹಂಟ್’ನಲ್ಲಿ ಕೆಲಸ ಮಾಡಿದರು. ‘ಥಂಡರ್‌ಬಾಲ್’ಗಾಗಿ ಬಹಾಮಾಸ್‌ನ ನಸ್ಸಾವ್ ಹತ್ತಿರ ನಡೆದ ನೀರೊಳಗಿನ ಯುದ್ಧವನ್ನು ನಿರ್ದೇಶಿಸಿದ್ದೂ ಅವರೇ. ಅಂದರೆ ನಿಮ್ಮ ಮಾರಾಟಗಾರರು ಹೇಳಿದ ಮೂರು ಹೆಸರಿನ ನಡುವೆ ನಿಜವಾಗಿ ಒಂದು ದಾರ ಇದೆ. ಆ ಕಾಲದಲ್ಲಿ ನೀರೊಳಗೆ ಸಿನಿಮಾ ಮಾಡಲು ಗೊತ್ತಿದ್ದ ಜನ ಕಡಿಮೆ. ಒಂದು ಸಿನಿಮಾದಲ್ಲಿ ಕಂಡವರು ಇನ್ನೊಂದರಲ್ಲೂ ಕಾಣುತ್ತಿದ್ದರು. ಆ ತಾತ ಮೂರಕ್ಕೂ ಹೋಗಿದ್ದಿರಬಹುದು. ಆದರೆ ಈ ಎರಡು ರೆಗ್ಯುಲೇಟರ್ ಹೊತ್ತುಕೊಂಡು ಹೋಗಿರಲಿಲ್ಲ.

ಗುರುತು ಹಿಡಿಯುವುದು ಹೇಗೆ ಅಂತ ಕೇಳಿದ್ದೀರಿ. ಅದಕ್ಕೆ ಈ ಯಂತ್ರ ಏನು ಮಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಸಿಲಿಂಡರ್ ಒಳಗೆ ಗಾಳಿಯನ್ನು ಭಾರೀ ಒತ್ತಡದಲ್ಲಿ ತುಂಬಿರುತ್ತಾರೆ. ಆ ಕಾಲದ ಸಾಮಾನ್ಯ ಉಕ್ಕಿನ ಸಿಲಿಂಡರ್‌ನ ಒತ್ತಡ 2250 ಪಿಎಸ್‌ಐ, ಅಂದರೆ ಕಾರಿನ ಟೈರಿನ ಸುಮಾರು 70 ಪಟ್ಟು. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಉಳಿಯುವುದಿಲ್ಲ. ನೀವು ಎಷ್ಟು ಆಳದಲ್ಲಿದ್ದೀರೋ ಅಲ್ಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ನೀವು ಎಳೆದಾಗ ಮಾತ್ರ ಗಾಳಿ ಕೊಡುವುದು ರೆಗ್ಯುಲೇಟರ್ ಕೆಲಸ. ಎಮಿಲ್ ಗನ್ಯಾನ್ ಎಂಬ ಎಂಜಿನಿಯರ್ ಮತ್ತು ಫ್ರೆಂಚ್ ನೌಕಾಪಡೆಯ ಝಾಕ್ ಕುಸ್ತೋ ಸೇರಿ 1943ರಲ್ಲಿ ಇದನ್ನು ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಪರೀಕ್ಷೆ ಮಾಡಿದರು. ಮೊದಲ ಸಲ ಸರಿಹೋಗಲಿಲ್ಲ. ನೇರ ನಿಂತರೆ ಗಾಳಿ ಸುಮ್ಮನೆ ಬುಸಬುಸ ಸುರಿಯುತ್ತಿತ್ತು, ತಲೆಕೆಳಗಾದರೆ ಉಸಿರೇ ಸಿಗುತ್ತಿರಲಿಲ್ಲ. ಉಸಿರು ಒಳಗೆ ಬರುವ ಜಾಗ, ಹೊರಗೆ ಹೋಗುವ ಜಾಗ ಎರಡೂ ಬೇರೆಬೇರೆ ಎತ್ತರದಲ್ಲಿದ್ದದ್ದೇ ಕಾರಣ. ನೀರಿನ ಒತ್ತಡ ಎರಡು ಕಡೆ ಒಂದೇ ಇರಲಿಲ್ಲ. ಹೊರಹೋಗುವ ಬಾಯಿಯನ್ನು ತಂದು, ಗಾಳಿ ಒಳಬರುವುದನ್ನು ಹಿಡಿತದಲ್ಲಿಡುವ ರಬ್ಬರ್ ಪೊರೆಯ ಪಕ್ಕದಲ್ಲೇ ಇಟ್ಟರು. ಸಮಸ್ಯೆ ಹೋಯಿತು.

ಎರಡು ಹೋಸ್ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಕತ್ತಿನ ಹಿಂದೆ ಒಂದು ದುಂಡನೆ ಡಬ್ಬಿ. ಅದರಿಂದ ಬಲ ಭುಜದ ಮೇಲೆ ಬರುವ ಹೋಸ್‌ನಲ್ಲಿ ಗಾಳಿ ಬಾಯಿಗೆ ಬರುತ್ತದೆ. ಬಿಟ್ಟ ಉಸಿರು ಎಡ ಭುಜದ ಮೇಲಿನ ಹೋಸ್‌ನಲ್ಲಿ ವಾಪಸ್ ಅದೇ ಡಬ್ಬಿಗೆ ಹೋಗಿ, ಅಲ್ಲಿಂದ ಬಾತುಕೋಳಿಯ ಕೊಕ್ಕಿನ ಹಾಗಿರುವ ಚಪ್ಪಟೆ ರಬ್ಬರ್ ತುಂಡಿನ ಮೂಲಕ ಗುಳ್ಳೆಯಾಗಿ ಹೊರಬೀಳುತ್ತದೆ. ನಿಮ್ಮ ಮೊದಲ ಎರಡು ಸಾಮಾನಿನ ಡಬ್ಬಿಯೊಳಗೂ ಈ ಕೊಕ್ಕು ಇರಬೇಕು. ಇಷ್ಟು ಹೊತ್ತಿಗೆ ಪುಡಿಯಾಗಿದ್ದರೂ ಆಶ್ಚರ್ಯವಿಲ್ಲ.

ಇದರಿಂದ ಪರದೆ ನೋಡುವವರಿಗೆ ಒಂದು ಒಳ್ಳೇ ಸುಳಿವು ಸಿಗುತ್ತದೆ. ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ತಲೆಯ ಹಿಂದಿನಿಂದ ಎದ್ದರೆ ಎರಡು ಹೋಸಿನದು. ಕೆನ್ನೆಯ ಪಕ್ಕದಿಂದ ಎದ್ದರೆ ಒಂದು ಹೋಸಿನದು. ಕತ್ತಲೆಯ ಶಾಟ್‌ನಲ್ಲಿ, ಹೋಸ್ ಸರಿಯಾಗಿ ಕಾಣದಿರುವಾಗಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಎರಡು ಹೋಸಿನದು ಕ್ಯಾಮೆರಾಕ್ಕೆ ಅನುಕೂಲ. ನಟನ ಮುಖದ ಮುಂದೆ ಗುಳ್ಳೆಯ ಪರದೆ ಬೀಳುವುದಿಲ್ಲ, ಕಣ್ಣು ಕಾಣುತ್ತದೆ. ಇನ್ನು ಖಳನಾಯಕನಿಗೆ ಕತ್ತರಿಸಲು ದಪ್ಪನೆಯ ಹೋಸ್ ಬೇಕಲ್ಲ! ‘ಸೀ ಹಂಟ್’ನಲ್ಲಿ ಹೋಸ್ ಕತ್ತರಿಸುವ ಜಗಳ ಮತ್ತೆ ಮತ್ತೆ ಬರುತ್ತದೆ.

ಈಗ ಸಾಮಾನು ಕೈಗೆತ್ತಿಕೊಳ್ಳಿ. ನೀವು ಪೋಸ್ಟರ್ ಕೂಡಿಡುವವರು. ಪೋಸ್ಟರ್ ಕೈಗೆ ಬಂದ ಕೂಡಲೇ ಹೀರೋ ಮುಖ ಬಿಟ್ಟು ಕೆಳಗಿನ ಅಂಚಿನಲ್ಲಿ ಯಾವ ಪ್ರೆಸ್ ಹೆಸರಿದೆ ಅಂತ ನೋಡುತ್ತೀರಿ. ಇಲ್ಲೂ ಹಾಗೇ. ಲೇಬಲ್‌ನಲ್ಲಿ ದೊಡ್ಡದಾಗಿ ಬರೆದ ಹೆಸರಿಗಿಂತ ಸಣ್ಣ ಅಕ್ಷರದ ಊರು ಜಾಸ್ತಿ ಮಾತಾಡುತ್ತದೆ.

ಯು.ಎಸ್. ಡೈವರ್ಸ್ ಶುರುವಾಗಿದ್ದು ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್‌ನಲ್ಲಿದ್ದ ಕ್ರೀಡಾ ಸಾಮಾನಿನ ಅಂಗಡಿಯಿಂದ. ಅಂಗಡಿ ನಡೆಸುತ್ತಿದ್ದವರು ರೆನೆ ಬುಸ್ಸೋ ಎಂಬ ಫ್ರೆಂಚ್ ಮೂಲದವರು. ಫ್ರಾನ್ಸ್‌ನಿಂದ ಆಕ್ವಾ-ಲಂಗ್, ಅಂದರೆ ಕುಸ್ತೋ-ಗನ್ಯಾನ್ ಮಾಡಿದ ಆ ಯಂತ್ರ, ತರಿಸಿ ಮಾರುತ್ತಿದ್ದರು. ಅಂಗಡಿ ಇದ್ದದ್ದು ಬ್ರಾಕ್ಸ್‌ಟನ್ ಅವೆನ್ಯೂದಲ್ಲಿ. ಹಾಗಾಗಿ ಬಹಳ ಹಳೆಯ ಅಮೆರಿಕನ್ ಆಕ್ವಾ-ಲಂಗ್‌ಗಳನ್ನು ಸಂಗ್ರಹಕಾರರು ಇವತ್ತಿಗೂ ‘ಬ್ರಾಕ್ಸ್‌ಟನ್’ ಅಂತಲೇ ಕರೆಯುತ್ತಾರೆ. ‘ಕ್ರಿಯೇಚರ್’ ಕಾಲದ್ದು ಅಂತ ಯಾರಾದರೂ ನಿಮಗೆ ಏನಾದರೂ ತೋರಿಸಿದರೆ ಅದು ಈ ಪೀಳಿಗೆಯದಾಗಿರಬೇಕು. ಆಮೇಲೆ ಬಂದವುಗಳಲ್ಲಿ ಬರೀ ಲಾಸ್ ಏಂಜಲೀಸ್ ಎಂದಿರುತ್ತದೆ. 1960ರ ದಶಕದಲ್ಲಿ ಕಂಪನಿ ಸಾಂಟಾ ಅನಾ ಎಂಬ ಊರಿಗೆ ಹೋಯಿತು, ಲೇಬಲ್ ಕೂಡ ಬದಲಾಯಿತು. ‘ಸೀ ಹಂಟ್’ ಪ್ರಸಾರವಾಗಿದ್ದು 1958ರಿಂದ 1961ರವರೆಗೆ. ಸಾಂಟಾ ಅನಾ ಎಂದು ಬರೆದ ರೆಗ್ಯುಲೇಟರ್ ತೋರಿಸಿ ‘ಸೀ ಹಂಟ್’ನದು ಅಂದರೆ ನಕ್ಕು ಮುಂದೆ ಹೋಗಿ. ‘ರಾಯಲ್ ಆಕ್ವಾ-ಮಾಸ್ಟರ್’ ಎಂದಿದ್ದರೂ ಅಷ್ಟೇ, ಅದು 1960ರ ದಶಕದ ನಡುಭಾಗದ್ದು.

ಹಾಗಾದರೆ ನಿಮ್ಮ ಮೊದಲನೆಯದು, ಲಾಸ್ ಏಂಜಲೀಸ್ ಎಂದಿರುವ ಡಿಎ ಆಕ್ವಾ-ಮಾಸ್ಟರ್, 1958ರಿಂದ ಮೊದಲ ಕೆಲವು ವರ್ಷದ್ದು. ತಮಾಷೆ ಏನೆಂದರೆ ಅದು ‘ಸೀ ಹಂಟ್’ನ ಕಾಲಕ್ಕೆ ಸರಿಯಾಗಿ ಹೊಂದುತ್ತದೆ. ತಾತನ ಮನೆಯವರು ಅದಕ್ಕೆ ತಪ್ಪು ಸಿನಿಮಾ ಅಂಟಿಸಿದರು.

ಲೇಬಲ್ ಒಂದನ್ನೇ ನಂಬಬೇಡಿ. ಹಳೇ ರೆಗ್ಯುಲೇಟರ್ ರಿಪೇರಿ ಮಾಡುವವರಿಗೆ ಅಂತ ಹೊಸ ಲೇಬಲ್‌ಗಳು ಮಾರಾಟಕ್ಕಿವೆ. ಒಂದರ ಮೇಲಿನ ಡಬ್ಬಿ, ಇನ್ನೊಂದರ ಕೆಳಗಿನ ಡಬ್ಬಿ ಸೇರಿಸಿ ಕೂರಿಸುವುದೂ ಮಾಮೂಲು. ಕ್ರೋಮ್ ಸವೆತ ನೋಡಿ. ಮೇಲಿನ ಡಬ್ಬಿ ಫಳಫಳ, ಕೆಳಗಿನದು ಚುಕ್ಕೆಚುಕ್ಕೆಯಾಗಿ ಕಿಲುಬು ಹಿಡಿದಿದ್ದರೆ ಎರಡೂ ಒಂದೇ ಮನೆಯಲ್ಲಿ ಬೆಳೆದವಲ್ಲ. ಲೇಬಲ್‌ನ ಅಂಚಿನ ಸುತ್ತ ಲೋಹ ತೂತುತೂತಾಗಿ, ಲೇಬಲ್ ಮಾತ್ರ ಮೊನ್ನೆ ಅಂಟಿಸಿದ ಹಾಗಿದ್ದರೆ ಅನುಮಾನ ಪಡಿ.

ಆಮೇಲೆ ಮೈಕಟ್ಟು. ಡಬ್ಬಿಯನ್ನು ಸಿಲಿಂಡರ್‌ಗೆ ಕಚ್ಚಿಸುವ ಕೊಂಡಿಗೆ ಯೋಕ್ ಅನ್ನುತ್ತಾರೆ. ಡಬ್ಬಿಗೂ ಯೋಕ್‌ಗೂ ನಡುವೆ ದಪ್ಪನೆಯ ಹಿತ್ತಾಳೆ ಗಡ್ಡೆ ಇದ್ದರೆ ಅದು ಎರಡು ಹಂತದ್ದು. ಒತ್ತಡವನ್ನು ಒಮ್ಮೆ ನೂರ ಚಿಲ್ಲರೆ ಪಿಎಸ್‌ಐಗೆ ಇಳಿಸಿ, ಆಮೇಲೆ ಉಸಿರಿಗೆ ತಕ್ಕ ಹಾಗೆ ಇಳಿಸುತ್ತದೆ. ಡಿಎ ಆಕ್ವಾ-ಮಾಸ್ಟರ್ ಆ ಜಾತಿಯದು. ಗಡ್ಡೆ ಇಲ್ಲದೆ ತೆಳ್ಳಗೆ ಇದ್ದರೆ ಒಂದೇ ಹಂತದ್ದು. ಫ್ರಾನ್ಸ್‌ನ ಲಾ ಸ್ಪಿರೋಟೆಕ್ನಿಕ್ ಕಂಪನಿ 1955ರಲ್ಲಿ ತಂದ ಮಿಸ್ತ್ರಾಲ್ ಆ ಜಾತಿಯದು. ನಿಮ್ಮ ವೋಯಿಟ್ ಯಾವ ಜಾತಿಯದು, ನೋಡಿ.

ಇನ್ನೊಂದು ನನ್ನ ಇಷ್ಟದ ಲೆಕ್ಕ: ತೂತು ಎಣಿಸುವುದು. ಡಿಎ ಆಕ್ವಾ-ಮಾಸ್ಟರ್‌ನಲ್ಲಿ ಬೇರೆ ಯಾವ ಹೋಸೂ ಜೋಡಿಸಲು ತೂತಿಲ್ಲ. ಆಗ ಬೇಕಾಗಿರಲಿಲ್ಲ. ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಮೀಟರ್ ಎಲ್ಲರ ಹತ್ತಿರ ಇರಲಿಲ್ಲ. ಜೊತೆಗಾರನಿಗೆ ಕೊಡುವ ಎರಡನೇ ಬಾಯಿತುದಿ ಇರಲಿಲ್ಲ. ಗಾಳಿ ತುಂಬುವ ಜಾಕೆಟ್ ಇರಲಿಲ್ಲ. ಬದಲಿಗೆ ಸಿಲಿಂಡರ್ ಪಕ್ಕ ಒಂದು ಉದ್ದ ಕಂಬಿ ಇರುತ್ತಿತ್ತು. ಉಸಿರು ಬಿಗಿಯಾದಾಗ ಅದನ್ನು ಕೆಳಗೆ ಎಳೆದರೆ ಕೊನೆಯ ಸುಮಾರು 300 ಪಿಎಸ್‌ಐ ಗಾಳಿ ಬಿಡುಗಡೆ ಆಗುತ್ತಿತ್ತು. ಇದಕ್ಕೆ ಜೆ-ವಾಲ್ವ್ ಅನ್ನುತ್ತಾರೆ. ಈ ಸೌಲಭ್ಯ ಇಲ್ಲದ್ದು ಕೆ-ವಾಲ್ವ್. ಜೆ, ಕೆ ಅನ್ನುವುದಕ್ಕೆ ಯಾವ ಗೂಢಾರ್ಥವೂ ಇಲ್ಲ, ಯು.ಎಸ್. ಡೈವರ್ಸ್ ಕ್ಯಾಟಲಾಗ್‌ನಲ್ಲಿ ಆ ಸಾಮಾನಿನ ಮುಂದೆ ಇದ್ದ ಅಕ್ಷರ ಅಷ್ಟೆ. ನಿಮ್ಮ ಮಾರ್ಕ್ 5 ನೋಡಿ. ಗಿರಗಿರ ತಿರುಗುವ ಒಂದು ತಲೆ, ಅದರ ಸುತ್ತ ತೂತೋ ತೂತು. ಅಷ್ಟು ತೂತಿನ ಅಗತ್ಯ ಬಿದ್ದ ಕಾಲಕ್ಕೆ ಸೇರಿದ್ದು ಅಂತ ಅದೇ ಹೇಳುತ್ತಿದೆ. ಸಿನಿಮಾ ಕತೆ ಬಿಟ್ಟುಬಿಟ್ಟರೆ ಅದು ಗಟ್ಟಿ ಯಂತ್ರ, ಇವತ್ತಿಗೂ ಅದನ್ನು ಇಷ್ಟಪಡುವವರಿದ್ದಾರೆ.

ಒಂದು ಹೋಸ್ ಅಂದ ಕೂಡಲೇ ಹೊಸತು ಅಂತ ಮಾತ್ರ ತಿಳಿಯಬೇಡಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟೆಡ್ ಎಲ್ಡ್ರೆಡ್ ಅನ್ನುವವರು 1952ರಲ್ಲೇ ಒಂದು ಹೋಸಿನ ‘ಪಾರ್ಪಾಯಿಸ್’ ಮಾರುತ್ತಿದ್ದರು. ಅದು ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ನಾನೇ ಮೈಸೂರಿಗೆ ಬರುತ್ತಿದ್ದೆ.

ಸಿಲಿಂಡರ್ ಏನಾದರೂ ಜೊತೆಗೆ ಬಂದಿದೆಯಾ? ಬಂದಿದ್ದರೆ ಕತ್ತಿನ ಹತ್ತಿರ ಕೊರೆದ ಅಕ್ಷರ ಓದಿ. ‘ಐಸಿಸಿ-3ಎಎ’ ಎಂದಿದ್ದರೆ ಹಳೆಯದು, ‘ಡಿಒಟಿ-3ಎಎ’ ಎಂದಿದ್ದರೆ ಹೆಚ್ಚುಕಮ್ಮಿ 1970ರಿಂದ ಈಚಿನದು. ಪಕ್ಕದಲ್ಲೇ ಮೊದಲ ಒತ್ತಡ ಪರೀಕ್ಷೆಯ ತಿಂಗಳು, ವರ್ಷ ಇರುತ್ತದೆ. ಇಡೀ ಸೆಟ್‌ನಲ್ಲಿ ತನ್ನ ಹುಟ್ಟಿದ ದಿನವನ್ನು ಬಾಯಿಬಿಟ್ಟು ಹೇಳುವುದು ಸಿಲಿಂಡರ್ ಒಂದೇ.

ಈಗ ವೋಯಿಟ್‌ಗೆ ಬರೋಣ.

ವೋಯಿಟ್ ಮೂಲದಲ್ಲಿ ರಬ್ಬರ್ ಸಾಮಾನಿನ ಕಂಪನಿ. ಚೆಂಡು, ಈಜುವ ಕಾಲಿನ ರೆಕ್ಕೆ, ಮುಖವಾಡ ಅವರ ಕೈ ಪಳಗಿದ ಕೆಲಸ. ಆ ಕಾಲದ ವೋಯಿಟ್‌ನ ಎರಡು ಹೋಸಿನ ರೆಗ್ಯುಲೇಟರ್‌ಗಳು ಯು.ಎಸ್. ಡೈವರ್ಸ್ ಮಾಡಿಕೊಟ್ಟವು, ಹೆಸರು ಮಾತ್ರ ವೋಯಿಟ್. ಹಾಗಾಗಿ ನಿಮ್ಮ ಎರಡು ಡಬ್ಬಿ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ‘ಆಕ್ವಾ-ಲಂಗ್’ ಅನ್ನುವ ಹೆಸರು ಅಮೆರಿಕದಲ್ಲಿ ಯು.ಎಸ್. ಡೈವರ್ಸ್‌ನ ಟ್ರೇಡ್‌ಮಾರ್ಕ್. ಬೇರೆಯವರು ಅದನ್ನು ಹಾಕುವ ಹಾಗಿರಲಿಲ್ಲ. ವೋಯಿಟ್ ಲೇಬಲ್‌ನಲ್ಲಿ ಎಎಂಎಫ್ ಎಂಬ ಮೂರಕ್ಷರ ಇದೆಯಾ ನೋಡಿ. ಆ ಕಂಪನಿ ವೋಯಿಟ್‌ನ್ನು ಕೊಂಡದ್ದು 1957ರಲ್ಲಿ. ಇದ್ದರೆ ಅದಕ್ಕಿಂತ ಹಳೆಯದಲ್ಲ.

‘ಸೀ ಹಂಟ್’ನಲ್ಲಿ ಲಾಯ್ಡ್ ಬ್ರಿಜಸ್ ಮೈಕ್ ನೆಲ್ಸನ್ ಆಗಿ 155 ಕಂತು ನೀರಿಗೆ ಬಿದ್ದರು. ಯು.ಎಸ್. ಡೈವರ್ಸ್ ಸಾಮಾನೂ ಕಾಣುತ್ತದೆ, ವೋಯಿಟ್ ಸಾಮಾನೂ ಕಾಣುತ್ತದೆ. ಕ್ಯಾಲಿಫೋರ್ನಿಯಾ ತೀರದ ಜೊತೆಗೆ ಫ್ಲೋರಿಡಾದ ಸಿಲ್ವರ್ ಸ್ಪ್ರಿಂಗ್ಸ್‌ನಲ್ಲೂ ಶೂಟಿಂಗ್ ಆಗಿತ್ತು. ಹಾಗಾಗಿ ಸಿಲ್ವರ್ ಸ್ಪ್ರಿಂಗ್ಸ್ ಡೈವರ್ ಒಬ್ಬರ ಮನೆಯಲ್ಲಿ ಸಿಕ್ಕ ವೋಯಿಟ್ ‘ಸೀ ಹಂಟ್’ನದು ಅಂದರೆ ಕಾಲ ಹೊಂದುತ್ತದೆ, ಜಾಗ ಹೊಂದುತ್ತದೆ, ಕಂಪನಿ ಹೊಂದುತ್ತದೆ.

ಆದರೆ ಹೊಂದುವುದಕ್ಕೂ ಆಗಿರುವುದಕ್ಕೂ ನಡುವೆ ತುಂಬ ದೂರ ಇದೆ. ಇದೇ ರೆಗ್ಯುಲೇಟರ್ ಆಗ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಸರಣಿ ನೋಡಿ ಹುಚ್ಚು ಹತ್ತಿಸಿಕೊಂಡ ಹುಡುಗರು ಕೊಂಡರು. ನಾವು ಕೈಯಲ್ಲಿ ಹಿಡಿದ ಲೋಹ ‘ನಾನು ಆ ಸಿನಿಮಾದ್ದಲ್ಲ’ ಅಂತ ಖಡಾಖಂಡಿತ ಹೇಳಬಲ್ಲದು. ‘ಹೌದು, ನಾನೇ’ ಅಂತ ಎಂದೂ ಹೇಳಲಾರದು. ಅದನ್ನು ಕಾಗದ ಹೇಳಬೇಕು, ಇಲ್ಲವೇ ಫೋಟೋ ಹೇಳಬೇಕು.

ಈ ಪಾಠಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಹಲವು ವರ್ಷದ ಹಿಂದೆ ಒಬ್ಬ ಮಾರಾಟಗಾರನಿಂದ ಎರಡು ಹೋಸಿನದೊಂದು ತೆಗೆದುಕೊಂಡೆ. ಚೆಂದದ ಸರ್ಟಿಫಿಕೇಟ್ ಇತ್ತು. ಚಿನ್ನದ ಬಣ್ಣದ ಅಂಚು, ಕೆಳಗೆ ಸಹಿ. ಮನೆಗೆ ತಂದು ಸಮಾಧಾನವಾಗಿ ಓದಿದಾಗ ಗೊತ್ತಾಯಿತು, ಸಹಿ ಮಾರಿದವನದೇ. ಅವನ ಮಾತಿಗೆ ಅವನೇ ಸಾಕ್ಷಿ. ಆ ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಕೆಲಸದ ಮೇಜಿನ ಮುಂದೆ ತೂಗುಹಾಕಿದ್ದೇನೆ.

ಒಳ್ಳೇ ಕಾಗದ ಅಂದರೆ ಯಾವುದು? ತಾತನ ಸಂಬಳದ ಚೀಟಿ, ದಿನದ ಶೂಟಿಂಗ್ ಪಟ್ಟಿ, ಸಾಮಾನು ಬಾಡಿಗೆ ಕೊಟ್ಟ ರಸೀದಿ, ಮನೆಗೆ ಬರೆದ ಕಾಗದ. ರಸೀದಿಯಲ್ಲಿ ಸೀರಿಯಲ್ ನಂಬರ್ ಇದ್ದು ಅದು ಡಬ್ಬಿ ಮೇಲೆ ಕೊರೆದ ನಂಬರ್‌ಗೆ ಕೂಡಿದರೆ ನೀವು ಗೆದ್ದಿರಿ. ಫೋಟೋ ಕೂಡ ಅಷ್ಟೇ ಒಳ್ಳೆಯದು. ಸಿಲ್ವರ್ ಸ್ಪ್ರಿಂಗ್ಸ್‌ನ ನೀರು ಗಾಜಿನ ಹಾಗಿರುವುದರಿಂದ ಅಲ್ಲಿ ನೀರೊಳಗೆ ತೆಗೆದ ಫೋಟೋಗಳು ಲೆಕ್ಕವಿಲ್ಲದಷ್ಟಿವೆ. ಬ್ರೂಸ್ ಮೋಜರ್ಟ್ ಅನ್ನುವ ಫೋಟೋಗ್ರಾಫರ್ ಅಲ್ಲಿ ದಶಕಗಟ್ಟಲೆ ಅದೇ ಕೆಲಸ ಮಾಡಿದರು. ಫ್ಲೋರಿಡಾ ರಾಜ್ಯದ ದಾಖಲೆ ಸಂಗ್ರಹದಲ್ಲೂ ಆ ಜಾಗದ ಹಳೇ ಚಿತ್ರಗಳಿವೆ, ಮಗಳು ಹುಡುಕಲಿ.

ಪರದೆಯ ಮೇಲೆ ಹೋಲಿಸುವುದಾದರೆ ಅಚ್ಚಿನಿಂದ ಬಂದ ಆಕಾರವನ್ನು ಬಿಡಿ, ಅದು ಸಾವಿರ ಡಬ್ಬಿಗೂ ಒಂದೇ. ಆ ಒಂದು ಡಬ್ಬಿಗೆ ಮಾತ್ರ ಇರುವುದನ್ನು ಹುಡುಕಿ. ಅಂಚಿನ ಜಜ್ಜು, ಆಳದ ಗೀರು, ಓರೆಯಾಗಿ ಅಂಟಿದ ಲೇಬಲ್, ಯಾರೋ ಬಣ್ಣದಲ್ಲಿ ಬರೆದ ಅಂಕಿ. ‘ಸೀ ಹಂಟ್’ ಕಪ್ಪು-ಬಿಳುಪು ಸರಣಿ ಅನ್ನುವುದು ನೆನಪಿರಲಿ. ಲೇಬಲ್ ಬಣ್ಣ ಅಲ್ಲಿ ಸಿಗುವುದಿಲ್ಲ. ಬಣ್ಣ ಹೊಂದುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಸರಣಿ ನೋಡಿಲ್ಲ. ಹೋಸ್ ಮತ್ತು ಬಾಯಿತುದಿ ನೋಡಿ ತೀರ್ಮಾನ ಮಾಡಲೇಬೇಡಿ. ರಬ್ಬರ್ ಸಾಮಾನು ಕೆಲವೇ ವರ್ಷ ಬಾಳುತ್ತದೆ, ಬದಲಾಯಿಸುತ್ತಲೇ ಇರುತ್ತಾರೆ. ನಿಮ್ಮದರಲ್ಲಿ ಹೋಸ್ ಇನ್ನೂ ಮೆತ್ತಗೆ, ಹೊಳೆಯುತ್ತಾ ಇದ್ದರೆ ಅದು ಇತ್ತೀಚೆಗೆ ಹಾಕಿದ್ದು.

ನಕಲಿ ಪ್ರಾಪ್‌ಗಳ ಬಗ್ಗೆ ಒಂದು ಮಾತು, ಯಾಕೆಂದರೆ ಮುಂದೆ ನೀವು ಖಂಡಿತ ಇನ್ನೂ ಕೊಳ್ಳುತ್ತೀರಿ. ಸಿನಿಮಾಗೆ ನಿಜವಾದ ಸಾಮಾನೇ ಬೇಕಂತ ಇಲ್ಲ. ‘ಥಂಡರ್‌ಬಾಲ್’ನಲ್ಲಿ ಬಾಂಡ್ ಬಾಯಲ್ಲಿ ಕಚ್ಚಿಕೊಳ್ಳುವ ಒಂದು ಪುಟ್ಟ ಉಸಿರಾಟದ ಯಂತ್ರ ಇದೆ, ಬೆರಳುದ್ದದ್ದು. ಸಿನಿಮಾ ನೋಡಿದ ಬ್ರಿಟಿಷ್ ಸೇನೆಯ ಎಂಜಿನಿಯರ್ ವಿಭಾಗದವರೊಬ್ಬರು ಕಲಾ ವಿಭಾಗದ ಪೀಟರ್ ಲಾಮಾಂಟ್‌ಗೆ ಫೋನ್ ಮಾಡಿ, ಅದರಲ್ಲಿ ಎಷ್ಟು ಹೊತ್ತು ಉಸಿರಾಡಬಹುದು ಅಂತ ಕೇಳಿದರಂತೆ. ನೀವು ಎಷ್ಟು ಹೊತ್ತು ಉಸಿರು ಬಿಗಿಹಿಡಿಯುತ್ತೀರೋ ಅಷ್ಟು ಹೊತ್ತು ಅಂತ ಉತ್ತರ ಬಂತಂತೆ. ಅದು ಬರೀ ಸೋಡಾ ಮಾಡುವ ಗ್ಯಾಸಿನ ಪುಟ್ಟ ಬುರುಡೆಗಳ ಜೋಡಣೆ. ಅಂಥ ಡಮ್ಮಿ ಸಾಮಾನು ನಿಜವಾದ ರೆಗ್ಯುಲೇಟರ್‌ಗಿಂತ ಎಷ್ಟೋ ಅಪರೂಪ, ಬೆಲೆಯೂ ಜಾಸ್ತಿ. ಅಂದರೆ ಒಳಗೆ ಏನೂ ಇಲ್ಲದ ಹಗುರ ಡಬ್ಬಿ ಸಿಕ್ಕರೆ ಬಿಸಾಡಬೇಡಿ. ನಿಮ್ಮ ಸಂಗ್ರಹಕ್ಕೆ ಅದೇ ದೊಡ್ಡ ಮೀನಾಗಿರಬಹುದು.

ಕ್ಲೀನ್ ಮಾಡುವ ವಿಷಯ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಮೇಡಂ. ಒಳಗಿರುವುದು ಹಿತ್ತಾಳೆ ಹೌದು, ಆದರೆ ಮೇಲಿರುವುದು ಕ್ರೋಮ್ ಲೇಪ. ದೇವರ ದೀಪದ ಹಾಗೆ ಹಳದಿಯಾಗಿ ಹೊಳೆಯಲಿ ಅಂತ ಕ್ರೋಮ್ ಪೂರ್ತಿ ತೆಗೆಸಿದವರನ್ನು ನೋಡಿದ್ದೇನೆ. ನಾನೂ ಮೊದಲ ಸಲ ಪಾಲಿಶ್ ಚಕ್ರಕ್ಕೆ ಹಿಡಿದು ಒಂದು ಡಬ್ಬಿಯ ಮೂಲೆ ತಿಂದುಹಾಕಿದ್ದೆ. ಗುರುತು ಹಿಡಿಯಬೇಕಾದ ಗೀರೂ ಜಜ್ಜೂ ಅದರ ಜೊತೆಗೇ ಹೋಗುತ್ತವೆ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆ, ಅದಾದ ಮೇಲೆ ಒಣ ಬಟ್ಟೆ. ಅಷ್ಟು ಸಾಕು. ಕಿಲುಬಿನ ಹಸಿರು ಉದುರುತ್ತಿದ್ದರೆ ಬ್ರಷ್‌ನಿಂದ ತೆಗೆದು ಬಿಡಿ. ಬಿಗಿದ ಸ್ಕ್ರೂ ಬಿಚ್ಚಲು ಹೋಗಬೇಡಿ, ಹಳೇ ಹಿತ್ತಾಳೆ ಹೇಳದೆ ಕೇಳದೆ ಮುರಿಯುತ್ತದೆ. ಹೋಸ್ ಹಿಡಿದು ತೂಗುಹಾಕಬೇಡಿ. ಒಳಗೆ ಮೆತ್ತನೆ ಕಾಗದ ತುರುಕಿ, ನೇರ ಬಿಸಿಲು ಬೀಳದ ಕಡೆ ಮಲಗಿಸಿ ಇಡಿ. ರಬ್ಬರ್ ಒಡೆದು ಉದುರಿದರೂ ಆ ಚೂರುಗಳನ್ನು ಒಂದು ಕವರಿನಲ್ಲಿ ಹಾಕಿ ಜೊತೆಗೇ ಇಡಿ. ಲೇಬಲ್ ಮೇಲೆ ಯಾವ ದ್ರವವೂ ಬೇಡ.

ಈಗ ನಿಮ್ಮ ಮಗ. ಅವನು ನೇತ್ರಾಣಿಯಲ್ಲಿ ಕಲಿಯುತ್ತಿರುವುದು ಮೀಟರ್, ಎರಡನೇ ಬಾಯಿತುದಿ, ಗಾಳಿ ಜಾಕೆಟ್ ಇರುವ ಪದ್ಧತಿ. ಡಿಎ ಆಕ್ವಾ-ಮಾಸ್ಟರ್‌ನಲ್ಲಿ ಇವ್ಯಾವುದನ್ನೂ ಸಿಕ್ಕಿಸಲು ಜಾಗವಿಲ್ಲ ಅಂತ ಆಗಲೇ ಹೇಳಿದೆ. ಈಗಿನ ಅಲ್ಯೂಮಿನಿಯಂ ಸಿಲಿಂಡರ್ 3000 ಪಿಎಸ್‌ಐ ತುಂಬುತ್ತದೆ, ಆ ಹಳೇ ಉಕ್ಕಿನದಕ್ಕಿಂತ ಜಾಸ್ತಿ. 60 ವರ್ಷ ಪೆಟ್ಟಿಗೆಯಲ್ಲಿ ಒಣಗಿದ ಪೊರೆಗೆ ಆ ಒತ್ತಡ ಕೊಟ್ಟರೆ ಏನಾಗುತ್ತದೆ ಅಂತ ನೋಡಲು 15 ಮೀಟರ್ ಕೆಳಗೆ ಹೋಗಬೇಕಾಗಿಲ್ಲ. ಇನ್ನೊಂದು: ಎಷ್ಟೋ ಹಳೇ ಬಾಯಿತುದಿಗಳಲ್ಲಿ ನೀರು ತಡೆಯುವ ಕವಾಟ ಇರುತ್ತಿರಲಿಲ್ಲ. ಬಾಯಿಂದ ಜಾರಿದರೆ ಹೋಸ್ ತುಂಬ ನೀರು. ಎಡಕ್ಕೆ ಹೊರಳಿ, ನೀರನ್ನು ಎಡ ಹೋಸಿಗೆ ಇಳಿಸಿ, ಜೋರಾಗಿ ಊದಿ ಖಾಲಿ ಮಾಡಬೇಕಿತ್ತು. ಆ ಕಾಲದವರು ಅದನ್ನು ನಿದ್ದೆಯಲ್ಲೂ ಮಾಡುತ್ತಿದ್ದರು. ನಿಮ್ಮ ಮಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಳಗಿನ ರಬ್ಬರ್ ಎಲ್ಲ ಹೊಸದು ಹಾಕಿಸಿ, ಒತ್ತಡ ಪರೀಕ್ಷೆ ಮಾಡಿಸಿ ಇಂಥವನ್ನು ಇವತ್ತಿಗೂ ಬಳಸುವ ಹವ್ಯಾಸಿಗಳಿದ್ದಾರೆ ನಿಜ. ಆದರೆ ನಿಮಗೆ ಬೇಕಾಗಿರುವುದು ಸಿನಿಮಾದ ನೆನಪು. ಹೊಸ ಭಾಗ ಹಾಕಿದಷ್ಟೂ ಅದು ಕರಗುತ್ತದೆ.

ಬೆಲೆ ಬಗ್ಗೆ ನೀವು ಕೇಳಿಲ್ಲ. ಆದರೂ ವಿಮೆಗೋ, ಮಾರಲಿಕ್ಕೋ ಬರೆದಿಡುವುದಾದರೆ ಹೀಗೆ ಬರೆಯಿರಿ: ಡಿಎ ಆಕ್ವಾ-ಮಾಸ್ಟರ್, ಲಾಸ್ ಏಂಜಲೀಸ್ ಲೇಬಲ್, ‘ಸೀ ಹಂಟ್’ ಕಾಲದ ಮಾಡೆಲ್. ವೋಯಿಟ್ 50 ಫ್ಯಾಥಮ್, ಸಿಲ್ವರ್ ಸ್ಪ್ರಿಂಗ್ಸ್ ಡೈವರ್ ಒಬ್ಬರ ಮನೆಯಿಂದ ಬಂದದ್ದು, ‘ಸೀ ಹಂಟ್’ನಲ್ಲಿ ಬಳಸಿದ್ದೆಂದು ಮನೆಯವರ ಮಾತು. ಸ್ಕೂಬಾಪ್ರೊ ಮಾರ್ಕ್ 5, ಸಿನಿಮಾ ಸಂಬಂಧ ಇಲ್ಲ. ಮನೆಯವರ ಮಾತು ಅನ್ನುವ ಎರಡು ಪದ ಬಿಡಬೇಡಿ. ನಾಳೆ ಕೊಳ್ಳುವವರು ಅದನ್ನು ನೋಡಿಯೇ ನಿಮ್ಮನ್ನು ನಂಬುತ್ತಾರೆ.

ಮಗಳಿಗೆ ಇವತ್ತೇ ಫೋನ್ ಮಾಡಿ. ಪೆಟ್ಟಿಗೆ ಮಾರಿದ ಮನೆಗೆ ಇನ್ನೊಮ್ಮೆ ಹೋಗಿ, ತಾತನ ಫೋಟೋ ಆಲ್ಬಮ್, ಹಳೇ ಡೈರಿ, ರಸೀದಿ ಕಟ್ಟು ಏನಾದರೂ ಉಳಿದಿದೆಯಾ ಅಂತ ಕೇಳಲಿ. ಮಾರುವುದಿಲ್ಲ ಅಂದರೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಲು ಬಿಡಿ ಅಂತ ಕೇಳಲಿ. ಮನೆ ಖಾಲಿ ಮಾಡುವವರು ಲೋಹದ ಸಾಮಾನು ಮಾರಿ, ಕಾಗದವನ್ನು ಕಸದ ಲಾರಿಗೆ ಹಾಕುತ್ತಾರೆ. ವೋಯಿಟ್ ಬೆನ್ನಿಗಿಟ್ಟುಕೊಂಡು ತಾತ ನಿಂತ ಒಂದು ಫೋಟೋ ಸಿಕ್ಕರೂ ನನಗೆ ಕಳಿಸಿ. ಡಬ್ಬಿಯ ಅಂಚಿನ ಜಜ್ಜು ಇಬ್ಬರೂ ಸೇರಿ ನೋಡೋಣ.